ಸಣ್ಣ ಹಿಂಡಿನ ಉಣ್ಣೆ: ಯಾರಿಗೆ, ಯಾವ ರೂಪದಲ್ಲಿ ಮಾರಬೇಕು?

ಪ್ರಶ್ನೆ: ನಮ್ಮಲ್ಲಿ ಇಪ್ಪತ್ತೆರಡು ಕುರಿಗಳಿವೆ. ಮೂರು ಕಪ್ಪು, ಉಳಿದವು ಬಿಳಿ; ಎಲ್ಲವೂ ಒಂದೇ ತಳಿಯವಲ್ಲ. ವರ್ಷಕ್ಕೊಮ್ಮೆ ಉಣ್ಣೆ ಕತ್ತರಿಸುತ್ತೇವೆ. ಸಗಟು ವ್ಯಾಪಾರಿ ಹೇಳುವ ದರದಲ್ಲಿ ಕತ್ತರಿಸಿದವರ ಕೂಲಿಯೂ ಹುಟ್ಟುವುದಿಲ್ಲ. ಹಿಂದಿನ ಎರಡು ವರ್ಷಗಳ ಉಣ್ಣೆ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಗೆಯೇ ಬಿದ್ದಿದೆ. ತೊಳೆದು ಮಾರಿದರೆ ಹೆಚ್ಚು ಬೆಲೆ ಬರುತ್ತದೆಯೇ? ಗಿರಣಿಗೆ ಕೊಟ್ಟು ನೂಲು ಮಾಡಿಸುವುದು ಲಾಭವೇ? ಕೈಯಿಂದ ನೂಲುವವರಿಗೆ ಮಾರಿ ಎಂದು ಕೆಲವರು ಹೇಳುತ್ತಾರೆ. ಅವರು ಏನನ್ನು ನೋಡಿ ಕೊಳ್ಳುತ್ತಾರೆ?

ಉತ್ತರ: ಮೊದಲು ಸಗಟು ವ್ಯಾಪಾರಿಯ ವಿಷಯವನ್ನು ಮುಗಿಸೋಣ. ಅವರು ಹೇಳಿದ ದರ ನಿಮಗೆ ಅನ್ಯಾಯವೆನಿಸಿರಬಹುದು, ಆದರೆ ಅವರ ಕಡೆಯಿಂದ ನೋಡಿದರೆ ಅದರಲ್ಲಿ ಮೋಸವಿಲ್ಲ. ಪ್ರಪಂಚದಲ್ಲಿ ತಯಾರಾಗುವ ಒಟ್ಟು ಜವಳಿ ಎಳೆಗಳಲ್ಲಿ ಉಣ್ಣೆಯ ಪಾಲು ಈಗ ಶೇ. 1ರ ಆಸುಪಾಸಿಗೆ ಇಳಿದಿದೆ. ಅರ್ಧಕ್ಕಿಂತ ಹೆಚ್ಚಿನ ಪಾಲು ಪಾಲಿಯೆಸ್ಟರ್ ಮೊದಲಾದ ಕೃತಕ ಎಳೆಗಳದ್ದು. ಉಳಿದಿರುವ ಈ ಸಣ್ಣ ಪಾಲಿನೊಳಗೂ ಗಿರಣಿಗಳು ಕೇಳುವುದು ಒಂದೇ ಬಣ್ಣದ, ಒಂದೇ ಉದ್ದದ, ಒಂದೇ ನಯದ ಸರಕನ್ನು. ದೊಡ್ಡ ಪ್ರಮಾಣದಲ್ಲಿ ಉಣ್ಣೆ ರಫ್ತು ಮಾಡುವ ಆಸ್ಟ್ರೇಲಿಯಾದಲ್ಲಿ ಒಂದು ಮೂಟೆಯ ತೂಕವೇ 110ರಿಂದ 204 ಕಿಲೋ. ನಿಮ್ಮ ಇಪ್ಪತ್ತೆರಡು ಕುರಿಗಳಿಂದ, ತಲಾ ಎರಡೂವರೆ ಕಿಲೋ ಎಂದು ಹಿಡಿದರೂ, 55 ಕಿಲೋ ಸಿಗುತ್ತದೆ. ಅದು ಅರ್ಧ ಮೂಟೆಗೂ ಕಷ್ಟ, ಅದರಲ್ಲಿಯೂ ಮೂರು ನಾಲ್ಕು ಬಗೆಯ ಉಣ್ಣೆ ಬೆರೆತಿರುತ್ತದೆ. ಬೆರಕೆ ಸರಕಿಗೆ ವ್ಯಾಪಾರಿ ಯಾವಾಗಲೂ ಅದರೊಳಗಿನ ಅತ್ಯಂತ ಕಳಪೆ ಭಾಗದ ಬೆಲೆಯನ್ನೇ ಕಟ್ಟುತ್ತಾನೆ, ಏಕೆಂದರೆ ಅದನ್ನು ಬೇರ್ಪಡಿಸುವ ಕೂಲಿ ಅವನ ತಲೆಯ ಮೇಲೆ ಬೀಳುತ್ತದೆ. ಆದ್ದರಿಂದ ಆ ದಾರಿಯಲ್ಲಿ ಚೌಕಾಸಿ ಮಾಡಿ ಪ್ರಯೋಜನವಿಲ್ಲ.

ಎರಡನೆಯದಾಗಿ, ಕತ್ತರಿಸುವ ಕೂಲಿಯನ್ನು ಉಣ್ಣೆಯ ಲೆಕ್ಕಕ್ಕೆ ಸೇರಿಸಬೇಡಿ ಎಂದು ನಾನು ಹೇಳುತ್ತೇನೆ. ಉಣ್ಣೆ ಮಾರಾಟವಾಗಲಿ ಬಿಡಲಿ, ತುಪ್ಪಟ ಬೆಳೆಯುವ ತಳಿಯ ಕುರಿಗೆ ವರ್ಷಕ್ಕೊಮ್ಮೆಯಾದರೂ ಕತ್ತರಿ ಹಾಕಲೇಬೇಕು. ಇಲ್ಲವಾದರೆ ಸೆಕೆಗೆ ಸೊರಗುತ್ತದೆ, ಹಿಂಬದಿಯಲ್ಲಿ ಹಿಕ್ಕೆ ಮೆತ್ತಿಕೊಂಡು ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಅದು ಜಂತುಹುಳುವಿನ ಔಷಧಿಯ ಖರ್ಚಿನಂತೆ ಕುರಿಯ ಆರೋಗ್ಯದ ಖರ್ಚು. ಹಾಗೆ ನೋಡಿದಾಗ ನಿಮ್ಮ ಮುಂದಿರುವ ಪ್ರಶ್ನೆ ಬದಲಾಗುತ್ತದೆ: ಹೇಗೂ ಕತ್ತರಿಸಿ ಬಿದ್ದ ಉಣ್ಣೆಯ ಮೇಲೆ ಇನ್ನೆಷ್ಟು ಶ್ರಮ ಹಾಕಿದರೆ ಆ ಶ್ರಮಕ್ಕೆ ತಕ್ಕ ಹಣ ಮರಳುತ್ತದೆ ಎಂಬುದಷ್ಟೇ ಉಳಿಯುತ್ತದೆ. ಇದಕ್ಕೆ ನನ್ನ ಉತ್ತರ, ಸಣ್ಣ ಹಿಂಡಿನವರು ಉಣ್ಣೆಯನ್ನು ಒಟ್ಟುರಾಶಿಯಾಗಿ ಮಾರದೆ ಒಂದೊಂದು ಕುರಿಯ ತುಪ್ಪಟವನ್ನೂ ಬಿಡಿಬಿಡಿಯಾಗಿ, ಅದನ್ನು ಬಳಸುವವರಿಗೇ ನೇರವಾಗಿ ಮಾರಬೇಕು ಎಂಬುದು. ಆ ಮಾರಾಟದ ಗೆಲುವು ಸೋಲು ಬಹುಪಾಲು ನಿರ್ಧಾರವಾಗುವುದು ಕತ್ತರಿಸುವ ದಿನವೇ, ನೆಲದ ಮೇಲೆ. ಚೀಲ ಸೇರಿದ ನಂತರ ಮಾಡಬಹುದಾದದ್ದು ಬಹಳ ಕಡಿಮೆ.

ನಿಮ್ಮ ಕುರಿಯ ಮೈಮೇಲೆ ಯಾವ ಬಗೆಯ ಉಣ್ಣೆಯಿದೆ ಎಂಬುದನ್ನು ಕತ್ತರಿಸುವುದಕ್ಕೆ ಮೊದಲೇ ತಿಳಿದುಕೊಳ್ಳಿ. ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಲ್ಲಿ ಅಳೆಯುತ್ತಾರೆ. ಮೆರಿನೊ ಕುರಿಯ ಉಣ್ಣೆ ಸಾಮಾನ್ಯವಾಗಿ 24 ಮೈಕ್ರಾನ್‌ಗಿಂತ ಕೆಳಗಿರುತ್ತದೆ. ಮಧ್ಯಮ ದರ್ಜೆಯದು 25ರಿಂದ 30. ರಾಮ್ನಿ, ಲಿಂಕನ್‌ನಂಥ ಉದ್ದ ತುಪ್ಪಟದ ತಳಿಗಳದು ಅದಕ್ಕಿಂತ ದಪ್ಪ. ದಖನಿ, ಕರಕುಲ್ ಮೊದಲಾದ ತಳಿಗಳ ಒರಟು ಉಣ್ಣೆ ಕಂಬಳಿ, ಜಮಖಾನೆಗಳಿಗೆ ಹೇಳಿ ಮಾಡಿಸಿದ್ದು. ಉಣ್ಣೆಯ ಬಟ್ಟೆ ಮೈಗೆ ಚುಚ್ಚುತ್ತದೆ ಎಂದು ದೂರುವವರ ಚರ್ಮಕ್ಕೆ ತಾಗುತ್ತಿರುವುದು 30 ಮೈಕ್ರಾನ್‌ಗಿಂತ ದಪ್ಪನೆಯ ಎಳೆಗಳ ತುದಿ. ಅಂಥ ಎಳೆಗಳು ನೂರಕ್ಕೆ ಐದಕ್ಕಿಂತ ಹೆಚ್ಚಿದ್ದರೆ ಬಹಳಷ್ಟು ಜನರಿಗೆ ಆ ಬಟ್ಟೆಯನ್ನು ನೇರವಾಗಿ ಮೈಮೇಲೆ ಹಾಕಿಕೊಳ್ಳಲಾಗದು. ಸರಾಸರಿ ಎಷ್ಟೇ ಚೆನ್ನಾಗಿದ್ದರೂ ದಪ್ಪ ಎಳೆಗಳ ಈ ಸಣ್ಣ ಪಾಲೇ ಬೆಲೆಯನ್ನು ಇಳಿಸಿಬಿಡುತ್ತದೆ. ಪ್ರಯೋಗಾಲಯದಲ್ಲಿ ಅಳೆಸುವ ಅನುಕೂಲವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಕುತ್ತಿಗೆಯ ಪಕ್ಕದ ಅಥವಾ ಗಲ್ಲದ ಕೆಳಗಿನ ಮೃದು ಚರ್ಮಕ್ಕೆ ತೊಳೆದ ಉಣ್ಣೆಯನ್ನು ಐದು ನಿಮಿಷ ಒತ್ತಿಟ್ಟುಕೊಂಡು ನೋಡಿದರೆ ಒರಟುತನದ ಅಂದಾಜು ಸಿಗುತ್ತದೆ.

ದಪ್ಪದಷ್ಟೇ ಮುಖ್ಯವಾದವು ಉದ್ದ ಮತ್ತು ಗಟ್ಟಿತನ. ಕುರಿಯ ಭುಜದ ಹಿಂದೆ, ಪಕ್ಕೆಯ ಮೇಲೆ, ಉಣ್ಣೆಯನ್ನು ಎರಡೂ ಕೈಯಿಂದ ಬಿಡಿಸಿ ನೋಡಿ. ಎಳೆಗಳು ಸಣ್ಣ ಸಣ್ಣ ಕುಚ್ಚುಗಳಾಗಿ ಸೇರಿಕೊಂಡಿರುತ್ತವೆ. ಪೆನ್ಸಿಲಿನ ದಪ್ಪದ ಒಂದು ಕುಚ್ಚನ್ನು ಬುಡದ ಹತ್ತಿರ ಕತ್ತರಿಸಿ ತೆಗೆಯಿರಿ. ಕೈಯಿಂದ ನೂಲುವವರಿಗೆ ಮೂರರಿಂದ ಆರು ಇಂಚು ಉದ್ದದ ಕುಚ್ಚು ಬೇಕು; ಎರಡು ಇಂಚಿಗಿಂತ ಗಿಡ್ಡವಾದರೆ ಅದು ದಿಂಬು, ಹಾಸಿಗೆ ತುಂಬುವುದಕ್ಕೆ ಅಥವಾ ಫೆಲ್ಟ್ (ನೂಲದೆ, ನೇಯದೆ, ಎಳೆಗಳನ್ನೇ ಉಜ್ಜಿ ಒತ್ತಿ ಗಟ್ಟಿ ಮಾಡಿದ ಬಟ್ಟೆ) ಮಾಡುವುದಕ್ಕೆ ಮಾತ್ರ. ಈಗ ಕುಚ್ಚಿನ ತುದಿಯನ್ನು ಒಂದು ಕೈಯ ಬೆರಳುಗಳಿಂದಲೂ ಬುಡವನ್ನು ಇನ್ನೊಂದು ಕೈಯಿಂದಲೂ ಬಿಗಿಯಾಗಿ ಹಿಡಿದು, ಕಿವಿಯ ಹತ್ತಿರ ತಂದು, ಎರಡು ಮೂರು ಸಲ ಜಗ್ಗನೆ ಎಳೆಯಿರಿ. ಗಟ್ಟಿಯಾದ ಉಣ್ಣೆ ತಂತಿ ಮೀಟಿದಂತೆ ಟಿಂಗೆಂದು ದನಿ ಕೊಡುತ್ತದೆ. ಒಣಗಿದ ಎಲೆ ಹಿಸುಕಿದಂಥ ಚರಚರ ಸದ್ದು ಬಂದರೆ ಒಳಗೆ ಎಳೆಗಳು ತುಂಡಾಗುತ್ತಿವೆ ಎಂದರ್ಥ. ಕೆಲವೊಮ್ಮೆ ಕುಚ್ಚು ಒಂದೇ ಜಾಗದಲ್ಲಿ ಕಡಿದು ಎರಡಾಗಿ ಕೈಗೆ ಬರುತ್ತದೆ. ಕುರಿಗೆ ಜ್ವರ ಬಂದಾಗ, ಮೇವು ಕಡಿಮೆಯಾದಾಗ, ಮರಿ ಹಾಕುವ ಆಯಾಸದಲ್ಲಿ, ಆ ದಿನಗಳಲ್ಲಿ ಬೆಳೆದ ಎಳೆ ಸಪೂರವಾಗಿ ಅಲ್ಲಿಯೇ ದುರ್ಬಲವಾಗುತ್ತದೆ. ಇಂಥ ತುಪ್ಪಟವನ್ನು ನೂಲುವವರಿಗೆ ಮಾರಬಾರದು: ಹಿಂಜುವಾಗ ಎಳೆಗಳು ಮುರಿದು ನೂಲಿನ ತುಂಬ ಗಂಟುಗಳೇಳುತ್ತವೆ, ಒಮ್ಮೆ ಕೊಂಡವರು ಮತ್ತೆ ನಿಮ್ಮ ಬಳಿ ಬರುವುದಿಲ್ಲ.

ಈ ಪರೀಕ್ಷೆಯಿಂದ ಕತ್ತರಿಸುವ ಕಾಲದ ಬಗ್ಗೆಯೂ ಒಂದು ಪಾಠ ಸಿಗುತ್ತದೆ. ಕುರಿ ಮರಿ ಹಾಕುವುದಕ್ಕೆ ಕೆಲವು ವಾರ ಮುಂಚೆ ಕತ್ತರಿಸಿದರೆ, ಮರಿ ಹಾಕುವಾಗ ಬೆಳೆಯುವ ದುರ್ಬಲ ಭಾಗ ಮುಂದಿನ ವರ್ಷದ ಕುಚ್ಚಿನ ತುದಿಯಲ್ಲಿ ಬೀಳುತ್ತದೆ. ಅದು ಮುರಿದರೂ ನಷ್ಟ ಅತ್ಯಲ್ಪ. ಮರಿ ಹಾಕಿ ಆರು ತಿಂಗಳಾದ ಮೇಲೆ ಕತ್ತರಿಸಿದರೆ ಅದೇ ದುರ್ಬಲ ಭಾಗ ಕುಚ್ಚಿನ ಮಧ್ಯಕ್ಕೆ ಬರುತ್ತದೆ, ಇಡೀ ತುಪ್ಪಟ ಕೆಡುತ್ತದೆ. ಗಬ್ಬದ ಕುರಿಯನ್ನು ಬಹಳ ಮೃದುವಾಗಿ ಹಿಡಿಯಬೇಕು, ಕತ್ತರಿಸಿದ ಮೇಲೆ ಚಳಿಗಾಳಿಯಿಂದ ಮರೆ ಬೇಕು, ಮೇವು ಸ್ವಲ್ಪ ಹೆಚ್ಚು ಕೊಡಬೇಕು. ಇವಿಷ್ಟು ಸಾಧ್ಯವಿಲ್ಲದಿದ್ದರೆ ಉಣ್ಣೆಯ ಆಸೆಗೆ ಕುರಿಗೆ ಅಪಾಯ ತಂದುಕೊಳ್ಳಬೇಡಿ.

ಕತ್ತರಿಸುವ ದಿನ ಕುರಿಗಳ ಮೈ ಪೂರ್ತಿ ಒಣಗಿರಬೇಕು. ಒದ್ದೆ ಉಣ್ಣೆಯನ್ನು ಚೀಲಕ್ಕೆ ತುಂಬಿದರೆ ಒಳಗೆ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ, ಎಷ್ಟು ತೊಳೆದರೂ ಹೋಗದ ಹಳದಿ ಕಲೆ ಬೀಳುತ್ತದೆ. ಹಿಂದಿನ ರಾತ್ರಿಯಿಂದ ಮೇವು ನಿಲ್ಲಿಸಿದರೆ ಕುರಿಗೂ ಕೂತ ಭಂಗಿಯಲ್ಲಿ ಹೊಟ್ಟೆ ಒತ್ತುವುದಿಲ್ಲ, ನೆಲವೂ ಹೊಲಸಾಗುವುದಿಲ್ಲ. ನೆಲದ ಮೇಲೆ ಹುಲ್ಲು ಹಾಸುವ ಅಭ್ಯಾಸವಿದ್ದರೆ ಅಂದು ಮಾತ್ರ ಬೇಡ. ಗುಡಿಸಿದ ಹಲಗೆ ಅಥವಾ ತಾಡಪಾಲು ಸಾಕು. ಬಿಳಿ ಕುರಿಗಳನ್ನೆಲ್ಲ ಮೊದಲು ಮುಗಿಸಿ, ನೆಲ ಗುಡಿಸಿ, ಕೊನೆಯಲ್ಲಿ ಕಪ್ಪು ಕುರಿಗಳನ್ನು ಕೂರಿಸಿ. ಬಿಳಿ ಉಣ್ಣೆಯೊಳಗೆ ಸೇರಿದ ಕಪ್ಪು ಎಳೆಯನ್ನು ಆಮೇಲೆ ಯಾರೂ ಆರಿಸಿ ತೆಗೆಯಲಾರರು, ತಿಳಿ ಬಣ್ಣ ಹಾಕಿದ ಬಟ್ಟೆಯಲ್ಲಿ ಅದು ಎದ್ದು ಕಾಣುತ್ತದೆ. ಮೇವಿನ ಕಟ್ಟಿಗೆ ಬಳಸುವ ಪ್ಲಾಸ್ಟಿಕ್ ಹುರಿಯ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಿ: ಅದರ ಸಿಗಿದ ಎಳೆಗಳು ಬಣ್ಣ ಹೀರುವುದಿಲ್ಲ, ಬಟ್ಟೆ ನೇಯ್ದು ಮುಗಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ. ಗುರುತಿಗಾಗಿ ಕುರಿಯ ಬೆನ್ನಿಗೆ ಬಣ್ಣ ಹಚ್ಚುವವರು ತೊಳೆದರೆ ಹೋಗುವ, ಕುರಿಗೆಂದೇ ತಯಾರಿಸಿದ ಬಣ್ಣವನ್ನೇ ಬಳಸಬೇಕು. ಮನೆಗೆ ಬಳಿಯುವ ಪೇಂಟು ಹಚ್ಚಿದ ಭಾಗವನ್ನು ಕತ್ತರಿಸಿ ಎಸೆಯುವುದೊಂದೇ ದಾರಿ.

ಕತ್ತರಿಸುವವರಿಗೂ ಮೊದಲೇ ಒಂದು ಮಾತು ಹೇಳಿಟ್ಟಿರಬೇಕು. ಕತ್ತರಿ ಚರ್ಮದಿಂದ ಸ್ವಲ್ಪ ಮೇಲೆ ಹೋಗಿ, ಕುರಿ ಚೊಕ್ಕಟವಾಗಿ ಕಾಣಲೆಂದು ಅದೇ ಜಾಗದಲ್ಲಿ ಎರಡನೆಯ ಸಲ ಕತ್ತರಿಸಿದಾಗ ಅರ್ಧ ಇಂಚಿನ ತುಣುಕುಗಳು ಉದುರುತ್ತವೆ. ಈ ತುಣುಕುಗಳು ಉದ್ದ ಎಳೆಗಳ ನಡುವೆ ಸಿಕ್ಕಿಕೊಂಡರೆ ನೂಲಿನಲ್ಲಿ ರವೆಯಂಥ ಗಂಟುಗಳಾಗುತ್ತವೆ. ಕುರಿಯ ಮೈಮೇಲೆ ಏರಿಳಿತದ ಗೆರೆಗಳು ಉಳಿದರೂ ಚಿಂತೆಯಿಲ್ಲ, ಎರಡನೆಯ ಕತ್ತರಿ ಬೇಡ ಎಂದು ಸ್ಪಷ್ಟವಾಗಿ ಹೇಳಿ. ತಲೆಗೆ ಇಷ್ಟು ಎಂದು ಕೂಲಿ ಪಡೆಯುವವರಿಗೆ ನಿಧಾನ ಮಾಡಿದರೆ ನಷ್ಟ. ಹಾಗಾಗಿ ತುಪ್ಪಟ ಮಾರುವ ಉದ್ದೇಶವಿದ್ದರೆ ಸ್ವಲ್ಪ ಹೆಚ್ಚು ಕೂಲಿ ಕೊಟ್ಟು ನಿಧಾನವಾಗಿ ಕತ್ತರಿಸಿಸುವುದು ನ್ಯಾಯವೂ ಹೌದು, ಲಾಭವೂ ಹೌದು.

ನಂತರದ ಕೆಲಸ ವಿಂಗಡಣೆ, ಹಣ ಹುಟ್ಟುವುದು ಇಲ್ಲಿ. ಸೊಂಟದೆತ್ತರದ ಮೇಜಿನ ಮೇಲೆ ಬೆರಳು ತೂರುವಷ್ಟು ಅಗಲದ ಕಣ್ಣುಗಳಿರುವ ತಂತಿಬಲೆ ಹಾಸಿ, ತುಪ್ಪಟವನ್ನು ಕತ್ತರಿಸಿದ ಬದಿ ಕೆಳಗಾಗುವಂತೆ ಅದರ ಮೇಲೆ ಕೊಡವಿ ಹರಡಿ. ಚೆನ್ನಾಗಿ ಕತ್ತರಿಸಿದ ತುಪ್ಪಟ ಒಂದೇ ಹಾಳೆಯಂತೆ ಬಿಚ್ಚಿಕೊಳ್ಳುತ್ತದೆ. ಕೊಡವಿದಾಗ ಗಿಡ್ಡ ತುಣುಕುಗಳೂ ಮಣ್ಣೂ ಬಲೆಯ ಕಣ್ಣಿನಿಂದ ಕೆಳಗೆ ಉದುರುತ್ತವೆ. ಈಗ ಮೇಜಿನ ಸುತ್ತ ನಡೆಯುತ್ತ ಅಂಚನ್ನು ಕೈಯಿಂದ ಹರಿದು ತೆಗೆಯಿರಿ. ಹಿಂಬದಿಯ ಹಿಕ್ಕೆ ಮೆತ್ತಿದ, ಮೂತ್ರದ ಕಲೆಯ ಭಾಗ ಮೊದಲು ಹೋಗಬೇಕು. ನಂತರ ಕಾಲಿನ ಒರಟು ಕೂದಲು. ಹೊಟ್ಟೆಯ ಅಡಿಯ ಗಂಟುಗಟ್ಟಿದ ಉಣ್ಣೆ. ಕೊನೆಗೆ ಕುತ್ತಿಗೆಯ ಮತ್ತು ಬೆನ್ನಿನ ಮೇಲೆ ಮೇವಿನ ಹುಡಿ, ಮುಳ್ಳಿನ ಕಾಯಿ ಸಿಕ್ಕಿದ ಭಾಗ. ಉಳಿಯುವುದರಲ್ಲಿ ಭುಜದ್ದು ಎಲ್ಲಕ್ಕಿಂತ ನಯ, ಪಕ್ಕೆಯದು ಅದರ ನಂತರ, ತೊಡೆಯದು ಒರಟು. ಭುಜಕ್ಕೂ ತೊಡೆಗೂ ವ್ಯತ್ಯಾಸ ಕೈಗೆ ಸ್ಪಷ್ಟವಾಗಿ ತಿಳಿಯುವಷ್ಟಿದ್ದರೆ ತೊಡೆಯ ಭಾಗವನ್ನು ಬೇರೆ ಮಾಡಿ. ಹೀಗೆ ಮಾಡಿದಾಗ ತೂಕದ ಐದನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಹೊರಹೋಗುತ್ತದೆ. ತೂಕ ಕಡಿಮೆಯಾಯಿತೆಂದು ಹೊಸಬರು ಕೈ ಹಿಡಿಯುವುದು ಇಲ್ಲಿಯೇ; ಆದರೆ ಉಳಿಸಿಕೊಂಡ ಒಂದು ಹಿಡಿ ಹೊಲಸು ಇಡೀ ತುಪ್ಪಟದ ಬೆಲೆಯನ್ನು ತನ್ನ ಮಟ್ಟಕ್ಕೆ ಎಳೆಯುತ್ತದೆ. ಅನುಮಾನವಿದ್ದರೆ ಕಿತ್ತು ಹಾಕಿ.

ವಿಂಗಡಿಸಿದ ತುಪ್ಪಟದ ಎರಡು ಬದಿಗಳನ್ನು ಒಳಗೆ ಮಡಚಿ, ಸುರುಳಿ ಸುತ್ತಿ, ಬೇರೆ ಬೇರೆ ಬಟ್ಟೆಯ ಚೀಲದಲ್ಲೋ ದಪ್ಪ ಕಾಗದದ ಚೀಲದಲ್ಲೋ ಇಟ್ಟು, ಒಂದು ಚೀಟಿಯನ್ನು ಸೇರಿಸಿ: ಯಾವ ಕುರಿ, ತಳಿ, ವಯಸ್ಸು, ಬಣ್ಣ, ಕತ್ತರಿಸಿದ ದಿನ, ವಿಂಗಡಿಸಿದ ಮೇಲಿನ ತೂಕ, ಕುಚ್ಚಿನ ಉದ್ದ. ಹಳೆಯ ಹಾಸಿಗೆ ಬಟ್ಟೆಯಿಂದ ಹೊಲಿದ ಚೀಲ ಇದಕ್ಕೆ ಧಾರಾಳವಾಗಿ ಸಾಕು. ಗೋಣಿಚೀಲ ಬೇಡ, ಅದರ ನಾರು ಉಣ್ಣೆಗೆ ಅಂಟುತ್ತದೆ. ಮರಿಗಳ ಮೊದಲ ತುಪ್ಪಟವನ್ನು ಯಾವ ಕಾರಣಕ್ಕೂ ದೊಡ್ಡವುಗಳ ಜೊತೆ ಸೇರಿಸಬೇಡಿ. ಒಂದು ಕುರಿ ಜೀವಮಾನದಲ್ಲಿ ಕೊಡುವ ಉಣ್ಣೆಯಲ್ಲಿ ಸಾಮಾನ್ಯವಾಗಿ ಅತ್ಯಂತ ಮೃದುವಾದದ್ದು ಅದೇ, ಉದ್ದ ಸಾಕಷ್ಟಿದ್ದರೆ ಅದಕ್ಕೆ ಬೇಗ ಗಿರಾಕಿ ಸಿಗುತ್ತಾರೆ.

ಇನ್ನು ತೊಳೆಯುವ ಪ್ರಶ್ನೆ. ನಿಮ್ಮ ಪರಿಸ್ಥಿತಿಯಲ್ಲಿ ಬೇಡ ಎಂಬುದೇ ನನ್ನ ಅಭಿಪ್ರಾಯ. ಕೈಯಿಂದ ನೂಲುವವರಲ್ಲಿ ಅನೇಕರು ಜಿಡ್ಡಿನ ಉಣ್ಣೆಯನ್ನೇ ಬಯಸುತ್ತಾರೆ. ತಮಗೆ ಬೇಕಾದಂತೆ ತಾವೇ ತೊಳೆದುಕೊಳ್ಳುತ್ತಾರೆ. ತೊಳೆದ ಮೇಲೆ ತೂಕದಲ್ಲಿ ಮೂರನೆಯ ಒಂದು ಭಾಗ, ಮೆರಿನೊದಂಥ ಜಿಡ್ಡು ಹೆಚ್ಚಿರುವ ತಳಿಯಲ್ಲಿ ಅರ್ಧದಷ್ಟೂ ಹೋಗುತ್ತದೆ. ನೀರು, ಉರುವಲು, ಸಾಬೂನು, ದಿನಗಟ್ಟಲೆ ಶ್ರಮ ಇವೆಲ್ಲ ಸೇರಿಸಿ ಬೆಲೆ ಹೇಳಿದರೆ ಗಿರಾಕಿ ಹಿಂಜರಿಯುತ್ತಾರೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಕೆಡಿಸುವ ಸಾಧ್ಯತೆ. ಉಣ್ಣೆಯ ಎಳೆಯ ಮೇಲೆ ಮೀನಿನ ಪೊರೆಯಂಥ ಪದರವಿದೆ. ಬಿಸಿನೀರಿನಲ್ಲಿ ಕಲಕಿದರೆ, ಅಥವಾ ಬಿಸಿಯಿಂದ ತಣ್ಣೀರಿಗೆ ಫಕ್ಕನೆ ಹಾಕಿದರೆ, ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಮುದ್ದೆಯಾಗುತ್ತದೆ. ನೀರು ತಣ್ಣಗಿದ್ದರೆ ಜಿಡ್ಡು ಬಿಡುವುದಿಲ್ಲ, ಏಕೆಂದರೆ ಅದು ಕರಗುವುದೇ ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ.

ಹಾಗಿದ್ದರೂ ಮಾದರಿಗಾಗಿ ಪ್ರತಿ ತುಪ್ಪಟದಿಂದ ಒಂದು ಹಿಡಿಯನ್ನು ತೊಳೆದಿಡುವುದು ಅಗತ್ಯ. ಹೊಲಸಿನ ಕೆಳಗೆ ಎಂಥ ಬಣ್ಣ, ಎಂಥ ಹೊಳಪು ಇದೆ ಎಂಬುದು ನಿಮಗೂ ಗಿರಾಕಿಗೂ ಆಗಲೇ ತಿಳಿಯುವುದು. ಕುಚ್ಚುಗಳನ್ನು ಬಲೆಯ ಚೀಲದಲ್ಲಿಟ್ಟು, ಮೊದಲು ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಬೆವರಿನ ಲವಣವೂ ಮಣ್ಣೂ ಬಿಡುತ್ತವೆ. ಪೊಟ್ಯಾಷಿಯಂ ಇರುವ ಆ ನೀರನ್ನು ಗಿಡಗಳ ಬುಡಕ್ಕೆ ಹಾಕಬಹುದು. ನಂತರ ಸುಮಾರು 60 ಡಿಗ್ರಿಯ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪನ್ನು ಧಾರಾಳವಾಗಿ ಬೆರೆಸಿ, ಚೀಲವನ್ನು ಮೆಲ್ಲನೆ ಅದ್ದಿ, ಕಲಕದೆ ಕಾಲು ಗಂಟೆ ಬಿಟ್ಟು, ನೀರು ಆರುವುದಕ್ಕೆ ಮೊದಲೇ ಮೇಲೆತ್ತಬೇಕು. ತಣ್ಣಗಾಗಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಎಳೆಗೆ ಹತ್ತಿಕೊಂಡು ಅಂಟಾಗುತ್ತದೆ. ಇದನ್ನು ಇನ್ನೊಮ್ಮೆ ಮಾಡಿ, ಅಷ್ಟೇ ಬಿಸಿಯ ಬರಿ ನೀರಿನಲ್ಲಿ ಎರಡು ಸಲ ಜಾಲಾಡದೆ ಅದ್ದಿ ತೆಗೆದು, ನೆರಳಿನಲ್ಲಿ ಒಣಗಿಸಿ. ಬಟ್ಟೆ ಒಗೆಯುವ ಸೋಡಾ ಬೇಡ; ಕ್ಷಾರ ಉಣ್ಣೆಯನ್ನು ತಿನ್ನುತ್ತದೆ.

ಗಿರಣಿಗೆ ಕೊಟ್ಟು ನೂಲು ಮಾಡಿಸುವ ಯೋಚನೆ ಆಕರ್ಷಕವಾಗಿದೆ, ಆದರೆ ಮೊದಲ ವರ್ಷವೇ ಅದಕ್ಕೆ ಕೈ ಹಾಕಬೇಡಿ. ಲೆಕ್ಕ ಹಾಕಿ ನೋಡಿ. ನಿಮ್ಮ 55 ಕಿಲೋ ವಿಂಗಡಣೆಯ ನಂತರ 42 ಕಿಲೋ ಆಯಿತೆನ್ನಿ; ತೊಳೆದ ಮೇಲೆ 27 ಕಿಲೋ ಉಳಿಯುತ್ತದೆ; ಹಿಂಜಿ ನೂಲುವಾಗ ನೂರಕ್ಕೆ ಹದಿನೈದರಷ್ಟು ಹೋದರೆ ಕೊನೆಗೆ ಕೈಗೆ ಬರುವುದು 23 ಕಿಲೋ ನೂಲು. ಗಿರಣಿಗಳು ಹಲವೆಡೆ ಕೂಲಿಯನ್ನು ಒಳಗೆ ಬಂದ ತೂಕದ ಮೇಲೆ ಹಾಕುತ್ತವೆ, ಹೊರಹೋಗುವ ನೂಲಿನ ಮೇಲಲ್ಲ. ಆದ್ದರಿಂದ ಹೊಲಸು ಸಹಿತ ಕಳಿಸಿದರೆ ಹೊಲಸಿಗೂ ಕೂಲಿ ಕೊಟ್ಟಂತೆ. ಜೊತೆಗೆ ಒಂದು ಸರತಿಗೆ ಇಂತಿಷ್ಟು ಕನಿಷ್ಠ ತೂಕ ಬೇಕೆಂದು ಕೇಳುತ್ತವೆ. ಅದನ್ನು ತುಂಬಲು ನೀವು ಬೇರೆ ಬೇರೆ ತಳಿಯ ಉಣ್ಣೆಯನ್ನು ಸೇರಿಸಿದರೆ ನಯವಾದದ್ದು ತನ್ನ ಗುಣ ಕಳೆದುಕೊಳ್ಳುತ್ತದೆ. ಹಣವೆಲ್ಲ ಮುಂಗಡವಾಗಿ ಹೋಗಿ, ನೂಲು ಮಾರಾಟವಾಗುವವರೆಗೆ ಕಾಯಬೇಕು. ಎರಡು ವರ್ಷ ತುಪ್ಪಟಗಳನ್ನೇ ಮಾರಿ, ಯಾವ ಕುರಿಯ ಉಣ್ಣೆಯನ್ನು ಜನ ಕೇಳಿಕೊಂಡು ಬರುತ್ತಾರೆ ಎಂಬುದು ಗೊತ್ತಾದ ಮೇಲೆ, ಅದೊಂದೇ ಬಗೆಯನ್ನು ಸಣ್ಣ ಪ್ರಮಾಣದಲ್ಲಿ ನೂಲು ಮಾಡಿಸಿ ನೋಡುವುದು ಸರಿಯಾದ ಕ್ರಮ. ಗಿರಣಿಯವರಿಗೆ ಕುಚ್ಚಿನ ಉದ್ದ, ದಪ್ಪ ಮೊದಲೇ ತಿಳಿಸಿ. ಅವರ ಯಂತ್ರಕ್ಕೆ ಅತಿ ಉದ್ದವೂ ಅತಿ ಗಿಡ್ಡವೂ ಆಗದು.

ಕೈಯಿಂದ ನೂಲುವವರು ಏನನ್ನು ನೋಡುತ್ತಾರೆ ಎಂದು ಕೇಳಿದ್ದೀರಿ. ಮೊದಲು ಚೊಕ್ಕಟತನ, ನಂತರ ಗಟ್ಟಿತನ, ಆಮೇಲೆ ನಯ. ಕುರಿಗೆ ವಯಸ್ಸೆಷ್ಟು, ಯಾವ ತಳಿ, ಕಳೆದ ವರ್ಷ ಕಾಯಿಲೆ ಬಿದ್ದಿತ್ತೇ ಎಂಬ ಪ್ರಶ್ನೆಗಳೂ ಬರುತ್ತವೆ. ನಿಮ್ಮ ಚೀಟಿ ಆಗ ಕೆಲಸಕ್ಕೆ ಬರುತ್ತದೆ. ಇವರಿಗೆ ಕುರಿ ಒಂದು ವ್ಯಕ್ತಿಯಿದ್ದಂತೆ. ಹೋದ ವರ್ಷ ಕೊಂಡ ಅದೇ ಕುರಿಯ ತುಪ್ಪಟವನ್ನು ಈ ವರ್ಷವೂ ಕಾಯ್ದಿರಿಸಿ ಎಂದು ಕೇಳುವವರಿದ್ದಾರೆ. ನಿಮ್ಮ ಮೂರು ಕಪ್ಪು ಕುರಿಗಳು ಸಗಟು ವ್ಯಾಪಾರಿಗೆ ತಲೆನೋವು, ಏಕೆಂದರೆ ಆ ಉಣ್ಣೆಗೆ ಬಣ್ಣ ಹಾಕಲಾಗದು. ನೂಲುವವರಿಗೆ ಸಹಜ ಬಣ್ಣವೇ ಬೇಕಾದದ್ದು. ಮೊದಲು ಮಾರಾಟವಾಗುವುದು ಬಹುಶಃ ಅವೇ.

ಮಾರುವಾಗ ಇಡೀ ತುಪ್ಪಟವನ್ನು ಹಗಲು ಬೆಳಕಿನಲ್ಲಿ ಹರಡಿ ಒಂದು ಚಿತ್ರ, ಬಿಡಿಸಿದ ಕುಚ್ಚನ್ನು ಅಳತೆಪಟ್ಟಿಯ ಪಕ್ಕದಲ್ಲಿಟ್ಟು ಇನ್ನೊಂದು, ತೊಳೆದ ಮಾದರಿಯದು ಮತ್ತೊಂದು ತೆಗೆಯಿರಿ. ದೋಷವನ್ನು ಮುಚ್ಚಿಡದೆ ಬರೆಯಿರಿ: ಕುತ್ತಿಗೆಯಲ್ಲಿ ಸ್ವಲ್ಪ ಹುಲ್ಲು ಇದೆ, ತುದಿಗಳು ಬಿಸಿಲಿಗೆ ಕಂದಿವೆ ಎಂದು ಹೇಳಿ ಮಾರಿದ ತುಪ್ಪಟ ವಾಪಸು ಬರುವುದಿಲ್ಲ. ಎರಡು ಕುಚ್ಚುಗಳನ್ನು ಲಕೋಟೆಯಲ್ಲಿ ಮಾದರಿಯಾಗಿ ಕಳಿಸಲು ಸಿದ್ಧರಿರಿ. ಬೆಲೆಯನ್ನು ಇಡೀ ತುಪ್ಪಟಕ್ಕೆ ಹೇಳುವುದು ಮೇಲು, ಏಕೆಂದರೆ ಕಿಲೋ ಲೆಕ್ಕ ಹೇಳಿದ ಕೂಡಲೇ ಗಿರಾಕಿ ಜಿಡ್ಡಿಗೂ ಮಣ್ಣಿಗೂ ಹಣ ಕೊಡುತ್ತಿದ್ದೇನೆಯೇ ಎಂದು ಯೋಚಿಸತೊಡಗುತ್ತಾರೆ. ತುಪ್ಪಟ ತುಂಬ ದೊಡ್ಡದಿದ್ದರೆ ಅರ್ಧ ಮಾಡಿ ಮಾರಬಹುದು, ಆದರೆ ಉದ್ದಕ್ಕೆ ಸೀಳಬೇಕು. ಅಡ್ಡ ಕತ್ತರಿಸಿದರೆ ಒಬ್ಬರಿಗೆ ಭುಜ, ಇನ್ನೊಬ್ಬರಿಗೆ ತೊಡೆ ಹೋಗುತ್ತದೆ. ಕುರಿಗಳಿಗೆ ವರ್ಷವಿಡೀ ಬಟ್ಟೆಯ ಹೊದಿಕೆ ತೊಡಿಸಿ ಉಣ್ಣೆಯನ್ನು ಚೊಕ್ಕಟವಾಗಿಡುವವರೂ ಇದ್ದಾರೆ. ಅದಕ್ಕೆ ಬೆಲೆ ಹೆಚ್ಚು ಬರುವುದು ನಿಜ, ಆದರೆ ಉಣ್ಣೆ ಬೆಳೆದಂತೆ ಹೊದಿಕೆಯ ಅಳತೆಯನ್ನು ಮತ್ತೆ ಮತ್ತೆ ಬದಲಿಸಬೇಕು. ನಯವಾದ ಉಣ್ಣೆಯ ನಾಲ್ಕೈದು ಕುರಿಗಳಿಗೆ ಮಾತ್ರ ಅದು ತಕ್ಕುದು.

ನಿಮ್ಮ ಹಿಂಡಿನಲ್ಲಿ ಒರಟು ಉಣ್ಣೆಯ ಕುರಿಗಳೂ ಇರಬಹುದು. ಅವನ್ನು ಮೃದುವೆಂದು ಹೇಳಿ ಮಾರಲು ಹೊರಡದೆ ಅವುಗಳ ಗುಣಕ್ಕೆ ತಕ್ಕ ಗಿರಾಕಿಯನ್ನು ಹುಡುಕಿ. ಕಂಬಳಿ, ನೆಲಹಾಸು ನೇಯುವವರಿಗೆ ಸವೆತ ತಡೆಯುವ ದಪ್ಪ ಎಳೆಯೇ ಬೇಕು. ಫೆಲ್ಟ್ ಮಾಡುವವರಿಗೆ ಬೇಗ ಹೆಣೆದುಕೊಳ್ಳುವ ಉಣ್ಣೆ ಬೇಕು. ಒಂದು ಹಿಡಿಯನ್ನು ಬಿಸಿ ಸೋಪುನೀರಿನಲ್ಲಿ ಅಂಗೈ ನಡುವೆ ಹತ್ತು ನಿಮಿಷ ಉಜ್ಜಿದರೆ ಅದು ಗಟ್ಟಿ ಉಂಡೆಯಾಗುತ್ತದೋ ಇಲ್ಲವೋ ನೀವೇ ಕಾಣಬಹುದು. ಸಫೋಕ್, ಸೌತ್‌ಡೌನ್‌ನಂಥ ತಳಿಗಳ ಉಣ್ಣೆ ಎಷ್ಟು ಉಜ್ಜಿದರೂ ಸುಲಭವಾಗಿ ಜಮೆಯುವುದಿಲ್ಲ, ಆದರೆ ಸ್ಪಂಜಿನಂತೆ ಪುಟಿಯುತ್ತದೆ. ಹಾಸಿಗೆ, ದಿಂಬು, ರಜಾಯಿ ತುಂಬುವವರಿಗೂ ಕಾಲುಚೀಲ ಹೆಣೆಯುವವರಿಗೂ ಅದೇ ಒಳ್ಳೆಯದು. ಬೇರೆ ಉಣ್ಣೆಯ ನಡುವೆ ಬೆಳ್ಳಗೆ, ಬಿರುಸಾಗಿ, ಬಗ್ಗಿಸಿದರೆ ಮುರಿಯುವ ಸತ್ತ ಕೂದಲು ಹೆಚ್ಚಿರುವ ತುಪ್ಪಟಕ್ಕೆ ಮಾತ್ರ ಗಿರಾಕಿ ಸಿಗುವುದು ಕಷ್ಟ, ಆ ಕೂದಲು ಬಣ್ಣ ಹೀರಿದರೂ ಬಣ್ಣ ತೋರಿಸುವುದಿಲ್ಲ.

ಅಂಚಿನಿಂದ ಕಿತ್ತು ಹಾಕಿದ ಹೊಲಸು ಉಣ್ಣೆಯನ್ನು ಸುಡಬೇಡಿ, ಮಾರಲೂ ಹೋಗಬೇಡಿ. ಶುದ್ಧ ಉಣ್ಣೆಯ ತೂಕದಲ್ಲಿ ಸುಮಾರು ಶೇ. 16 ಸಾರಜನಕವಿರುತ್ತದೆ; ಹಿಕ್ಕೆ ಸೇರಿದ ಉಣ್ಣೆಯನ್ನು ಮರಗಿಡಗಳ ಬುಡದಲ್ಲಿ ಹರಡಿ ಮೇಲೆ ಮಣ್ಣು ಮುಚ್ಚಿದರೆ ತಿಂಗಳುಗಟ್ಟಲೆ ನಿಧಾನವಾಗಿ ಕೊಳೆತು ಗೊಬ್ಬರವಾಗುತ್ತದೆ, ತೇವವನ್ನೂ ಹಿಡಿದಿಡುತ್ತದೆ. ಬರಿದೆ ನೆಲದ ಮೇಲೆ ಬಿಟ್ಟರೆ ಗಾಳಿಗೆ ಹಾರುತ್ತದೆ.

ಈಗಾಗಲೇ ಪ್ಲಾಸ್ಟಿಕ್ ಚೀಲಗಳಲ್ಲಿರುವ ಎರಡು ವರ್ಷದ ಉಣ್ಣೆಯ ಬಗ್ಗೆ ಹೆಚ್ಚು ಆಸೆಯಿಟ್ಟುಕೊಳ್ಳಬೇಡಿ. ಒಣ ದಿನ ನೋಡಿ, ಮನೆಯ ಹೊರಗೆ, ಒಂದೊಂದೇ ಚೀಲವನ್ನು ಬಿಚ್ಚಿ. ಬೂಷ್ಟಿನ ವಾಸನೆ ಬಂದರೆ ನೇರವಾಗಿ ಗೊಬ್ಬರಕ್ಕೆ ಹಾಕಿ. ಅಕ್ಕಿಕಾಳಿನಂಥ ಬಿಳಿ ಹುಳು, ಜೇಡರಬಲೆಯಂಥ ಎಳೆ, ಮರಳಿನಂಥ ಹಿಕ್ಕೆ ಕಂಡರೆ ನುಸಿ ಬಿದ್ದಿದೆ. ಆ ಚೀಲವನ್ನು ಉಳಿದವುಗಳ ಹತ್ತಿರ ಮತ್ತೆ ತರಬೇಡಿ. ಚೆನ್ನಾಗಿ ಕಂಡವುಗಳಲ್ಲಿಯೂ ನುಸಿಯ ಮೊಟ್ಟೆಯಿರುವ ಅನುಮಾನವಿದ್ದರೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರವಿಟ್ಟು ತೆಗೆಯಬಹುದು. ಉಳಿದದ್ದರ ಮೇಲೆ ಕಿವಿಯ ಹತ್ತಿರದ ಆ ಪರೀಕ್ಷೆಯನ್ನು ಮಾಡಿ. ಗಟ್ಟಿಯಾಗಿದ್ದರೂ ಹಳೆಯ ಜಿಡ್ಡು ಮೇಣದಂತೆ ಬಿಗಿದು ತೊಳೆಯುವುದು ಕಷ್ಟವಾಗಿರುತ್ತದೆ. ಅಂಥದ್ದನ್ನು ವರ್ಷವನ್ನು ಮರೆಮಾಚದೆ, ತುಂಬುವುದಕ್ಕೆ ಅಥವಾ ಕಲಿಯುವವರ ಅಭ್ಯಾಸಕ್ಕೆ ಕಡಿಮೆ ಬೆಲೆಗೆ ಕೊಡಿ. ಇನ್ನು ಮುಂದೆ ಕತ್ತರಿಸಿದ ವರ್ಷದೊಳಗೇ ಮಾರಿ ಮುಗಿಸುವ ನಿಯಮ ಇಟ್ಟುಕೊಳ್ಳಿ.

ಆರೋಗ್ಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಉಣ್ಣೆ ವಿಂಗಡಿಸುವ ಕಾರ್ಮಿಕರನ್ನು ಕೊಂದ ಶ್ವಾಸಕೋಶದ ಕಾಯಿಲೆ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಎಂದು ಆಮೇಲೆ ತಿಳಿಯಿತು. ಕಾರಣ ಗೊತ್ತಾಗದೆ ದಿಢೀರನೆ ಸತ್ತ ಕುರಿಯ ಮೈಯಿಂದ ಎಂದೂ ಉಣ್ಣೆ ಕತ್ತರಿಸಬೇಡಿ, ಪಶುವೈದ್ಯರಿಗೆ ತಿಳಿಸಿ. ವಿಂಗಡಿಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಉಣ್ಣಿ, ಹೇನಿಗೆ ಔಷಧಿಯಲ್ಲಿ ಕುರಿಗಳನ್ನು ಅದ್ದಿದ್ದರೆ ಕತ್ತರಿಸುವುದಕ್ಕೆ ಮೊದಲು ಎಷ್ಟು ದಿನ ಕಾಯಬೇಕೆಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ. ಆ ಅವಧಿ ಮುಗಿದಿರಬೇಕು, ಕೊಳ್ಳುವವರಿಗೂ ಅದನ್ನು ಹೇಳಬೇಕು, ಏಕೆಂದರೆ ಅವರು ಜಿಡ್ಡಿನ ಉಣ್ಣೆಯನ್ನು ಬರಿಗೈಯಲ್ಲಿ ಗಂಟೆಗಟ್ಟಲೆ ಹಿಡಿದಿರುತ್ತಾರೆ.

ಇಷ್ಟೆಲ್ಲ ಮಾಡಿದರೂ ಇಪ್ಪತ್ತೆರಡು ತುಪ್ಪಟಗಳಲ್ಲಿ ಎಲ್ಲವೂ ಬಿಡಿಯಾಗಿ ಮಾರಾಟವಾಗುವುದಿಲ್ಲ. ಮಧ್ಯಮ ದರ್ಜೆಯ ಬಿಳಿ ಉಣ್ಣೆ ಒಂದಷ್ಟು ಉಳಿಯುತ್ತದೆ. ಅದಕ್ಕೆ ಅಕ್ಕಪಕ್ಕದ ಸಾಕಣೆದಾರರ ಜೊತೆ ಸೇರುವುದು ಉತ್ತಮ. ಬ್ರಿಟನ್ನಿನಲ್ಲಿ 1950ರಲ್ಲಿ ಸ್ಥಾಪನೆಯಾದ ಉಣ್ಣೆ ಮಾರಾಟ ಮಂಡಳಿ ಮಾಡುವುದು ಇದನ್ನೇ: ಸಾವಿರಾರು ರೈತರ ಉಣ್ಣೆಯನ್ನು ತರಿಸಿ, ದರ್ಜೆಗಳಾಗಿ ವಿಂಗಡಿಸಿ, ಒಂದೇ ದರ್ಜೆಯದನ್ನು ಒಟ್ಟುಗೂಡಿಸಿ ಹರಾಜು ಹಾಕುತ್ತದೆ. ಐದಾರು ಮನೆಯವರು ಸೇರಿದರೂ ತತ್ವ ಅದೇ, ಆದರೆ ಒಂದು ಷರತ್ತಿದೆ. ವಿಂಗಡಣೆಯನ್ನು ಎಲ್ಲರ ಪರವಾಗಿ ಒಬ್ಬರೇ, ಒಂದೇ ಮೇಜಿನ ಮೇಲೆ ಮಾಡಬೇಕು. ತಮ್ಮ ತಮ್ಮ ಮನೆಯಲ್ಲಿ ವಿಂಗಡಿಸಿ ತಂದರೆ ಪ್ರತಿಯೊಬ್ಬರ ಕಣ್ಣಿಗೂ ತಮ್ಮ ಕುರಿಯದೇ ಮೊದಲ ದರ್ಜೆಯಾಗಿ ಕಾಣುತ್ತದೆ.

ಎರಡು ಮೂರು ವರ್ಷ ಹೀಗೆ ಮಾಡಿ ನೋಡಿಯೂ ಈ ಕೆಲಸ ನಿಮಗೆ ಒಗ್ಗದಿದ್ದರೆ, ಮಾಂಸಕ್ಕಾಗಿಯೇ ಸಾಕುವುದಾದರೆ, ಡಾರ್ಪರ್, ಕಟಾಡಿನ್‌ನಂತೆ ತಾವಾಗಿಯೇ ಕೂದಲು ಉದುರಿಸುವ ತಳಿಗಳತ್ತ ಹೊರಳುವುದು ತಪ್ಪಲ್ಲ. ಕತ್ತರಿಸುವ ಖರ್ಚು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆದರೆ ಅರ್ಧ ಮನಸ್ಸಿನಿಂದ ಆ ಟಗರನ್ನು ನಿಮ್ಮ ಈಗಿನ ಕುರಿಗಳ ಮೇಲೆ ಬಿಡಬೇಡಿ. ಮೊದಲ ಪೀಳಿಗೆಯ ಬೆರಕೆ ಮರಿಗಳು ಪೂರ್ತಿ ಉದುರಿಸುವುದೂ ಇಲ್ಲ, ಒಳ್ಳೆಯ ಉಣ್ಣೆ ಕೊಡುವುದೂ ಇಲ್ಲ. ಅವಕ್ಕೂ ಕತ್ತರಿ ಹಾಕಬೇಕಾಗುತ್ತದೆ, ಬೀಳುವ ತುಪ್ಪಟವೆಲ್ಲ ಒರಟು ಕೂದಲಿನಿಂದ ತುಂಬಿ ಗೊಬ್ಬರಕ್ಕೇ ಹೋಗುತ್ತದೆ. ಬದಲಾಯಿಸುವುದಾದರೆ ಆ ತಳಿಯ ಹೆಣ್ಣುಗಳನ್ನೂ ತಂದು ಬೇರೆಯಾಗಿ ಬೆಳೆಸಿ, ಅಲ್ಲಿಯವರೆಗೆ ನಯವಾದ ಉಣ್ಣೆಯ ಕುರಿಗಳನ್ನು ಅವುಗಳದೇ ತಳಿಯ ಟಗರಿಗೆ ಕೊಡಿಸುತ್ತಿರಿ.